ಹೀಟರಿಗೂ ಬಲ್ಬಿಗೂ ಒಂದೇ ಓಮ್

ಬಕೆಟ್ ನೀರು ಕಾಯಿಸುವ 1500 ವ್ಯಾಟಿನ ಹೀಟರ್ ಇದೆಯಲ್ಲ, ಅದರ ಪ್ಲಗ್ ಕಿತ್ತು ಫೇಸ್, ನ್ಯೂಟ್ರಲ್ ಪಿನ್ನುಗಳಿಗೆ ಮಲ್ಟಿಮೀಟರ್ ಮುಟ್ಟಿಸಿದರೆ ಸುಮಾರು 35 ಓಮ್ ತೋರಿಸುತ್ತದೆ. ಹಳೆಯ 100 ವ್ಯಾಟಿನ ಬುರುಡೆ ಬಲ್ಬಿಗೆ ಅದೇ ಮೀಟರ್ ಹಿಡಿದರೆ 40ರ ಆಸುಪಾಸು. ಹದಿನೈದು ಪಟ್ಟು ವಿದ್ಯುತ್ ನುಂಗುವ ಹೀಟರಿಗೂ ಬಡಪಾಯಿ ಬಲ್ಬಿಗೂ ಹೆಚ್ಚುಕಡಿಮೆ ಒಂದೇ ರೋಧ! ಮೀಟರ್ ಏನೂ ಕೆಟ್ಟಿಲ್ಲ.

ಹತ್ತನೇ ತರಗತಿಯ ಲೆಕ್ಕ ನೆನಪಿಸಿಕೊಳ್ಳಿ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್. ಅವೆರಡನ್ನೇ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟ್. ಹೀಟರಿನ ಚೀಟಿಯಲ್ಲಿ 230 ವೋಲ್ಟ್, 1500 ವ್ಯಾಟ್ ಎಂದಿರುತ್ತದೆ. ಹಾಗಾದರೆ ಅದರಲ್ಲಿ ಹರಿಯುವುದು 6.5 ಆಂಪಿಯರ್, 230ನ್ನು 6.5ರಿಂದ ಭಾಗಿಸಿದರೆ 35 ಓಮ್. ಮೀಟರಿನ ಮಾತಿಗೂ ಲೆಕ್ಕಕ್ಕೂ ತಾಳೆಯಾಯಿತು. ಈಗ ಬಲ್ಬು: 100 ವ್ಯಾಟ್ ಎಂದರೆ 0.43 ಆಂಪಿಯರ್, ರೋಧ 529 ಓಮ್. ಮೀಟರ್ ಹೇಳಿದ್ದು 40. ಉಳಿದ ಓಮ್‌ಗಳು ಎಲ್ಲಿ ಹೋದವು?

ಅವು ಇನ್ನೂ ಹುಟ್ಟೇ ಇರಲಿಲ್ಲ. ಮೀಟರಿನ ಪುಟ್ಟ ಬ್ಯಾಟರಿ ಅಳೆದದ್ದು ತಣ್ಣಗಿರುವ ತಂತಿಯನ್ನು. ಬಲ್ಬು ಉರಿಯುವಾಗ ಒಳಗಿನ ಟಂಗ್‌ಸ್ಟನ್ ತಂತಿ 2500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಕಾದಂತೆಲ್ಲ ಲೋಹದೊಳಗಿನ ಪರಮಾಣುಗಳ ಕಂಪನ ಜೋರಾಗಿ ಎಲೆಕ್ಟ್ರಾನುಗಳ ಓಟಕ್ಕೆ ಅಡ್ಡಿ ಹೆಚ್ಚುತ್ತದೆ. ರೋಧ ಹದಿಮೂರು, ಹದಿನಾಲ್ಕು ಪಟ್ಟು ಏರುತ್ತದೆ. ಸ್ವಿಚ್ ಒತ್ತಿದ ಆ ಕ್ಷಣದಲ್ಲಿ ಮಾತ್ರ ಬಲ್ಬು ಹೀಟರಿನಷ್ಟೇ ಆಂಪಿಯರ್ ಎಳೆದು, ರೆಪ್ಪೆ ಬಡಿಯುವುದರೊಳಗೆ ತೆಪ್ಪಗಾಗುತ್ತದೆ. ಸವೆದ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಟಪ್ ಎಂದು ಹೋಗುತ್ತಿದ್ದುದು ಈ ಹೊಡೆತಕ್ಕೆ. ಹೀಟರಿನ ಒಳಗಿರುವುದು ನೈಕ್ರೋಮ್, ನಿಕಲ್ ಮತ್ತು ಕ್ರೋಮಿಯಂ ಬೆರೆತ ತಂತಿ. ಅಮೆರಿಕದ ಆಲ್ಬರ್ಟ್ ಮಾರ್ಶ್ ಇದಕ್ಕೆ 1906ರಲ್ಲಿ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಅದರ ರೋಧ ಬದಲಾಗುವುದು ಅತ್ಯಲ್ಪ. ಇಸ್ತ್ರಿ ಪೆಟ್ಟಿಗೆಯೂ ಟೋಸ್ಟರೂ ಬದುಕಿರುವುದು ಇದೇ ತಂತಿಯ ದಯೆಯಿಂದ.

ವೋಲ್ಟ್ ಏರಿದಷ್ಟೇ ಪಟ್ಟು ಆಂಪಿಯರೂ ಏರುತ್ತದೆನ್ನುವ ಓಮ್‌ನ ನಿಯಮ ತಾಪ ಬದಲಾಗದಿದ್ದರೆ ಮಾತ್ರ ಸರಳರೇಖೆಯಲ್ಲಿ ನಡೆಯುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಬರೆಯಲು ಮರೆಯುವುದೂ ಈ ಷರತ್ತನ್ನೇ. ಜರ್ಮನಿಯ ಕಲೋನ್ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ಗೇಯಾರ್ಗ್ ಓಮ್‌ಗೆ ಅಂದಿನ ಬ್ಯಾಟರಿಗಳ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಆತ ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಅಲುಗಾಡದ ಸಣ್ಣ ವೋಲ್ಟೇಜನ್ನು ಪಡೆದ. ಈ ನಿಯಮವನ್ನು ಸಾರಿದ 1827ರ ಅವನ ಪುಸ್ತಕದ ಹಿಂದೆ ಈ ತಾಳ್ಮೆಯಿದೆ.

ಇನ್ನು ಚೀಟಿಯ ವ್ಯಾಟ್ ವಿಷಯ. 1500 ಎನ್ನುವುದು 230 ವೋಲ್ಟ್ ಇದ್ದರೆ ಮಾತ್ರ. ಹೀಟರಿಗೆ ಸ್ವಂತದ್ದು ಎಂದು ಇರುವುದು ಓಮ್. ವ್ಯಾಟ್ ಅಂದಂದಿನ ವೋಲ್ಟೇಜಿನ ಮರ್ಜಿ. ಊರ ಕೊನೆಯ ಮನೆಗೆ ಸಂಜೆ 180 ವೋಲ್ಟ್ ಬಂತೆನ್ನಿ. 35 ಓಮ್‌ಗೆ 5.1 ಆಂಪಿಯರ್, ಗುಣಿಸಿದರೆ ಸುಮಾರು 920 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇಕಡಾ 22, ಸಾಮರ್ಥ್ಯ ಕುಸಿದದ್ದು ಶೇಕಡಾ 39. ವೋಲ್ಟ್ ಇಳಿದಾಗ ಆಂಪಿಯರೂ ಜೊತೆಗೇ ಇಳಿಯುವುದರಿಂದ ಪೆಟ್ಟು ಎರಡು ಕಡೆಯಿಂದ. 15 ಲೀಟರ್ ನೀರು 20 ಡಿಗ್ರಿಯಿಂದ 45ಕ್ಕೆ ಏರಲು 17 ನಿಮಿಷ ಸಾಕಿದ್ದದ್ದು ಈಗ 28 ನಿಮಿಷ.

ಇದೇ ಹೀಟರಿನ ಪ್ಲಗ್ ಕೆಲವೊಮ್ಮೆ ಕಪ್ಪಾಗಿ ಕರಗುವುದೇಕೆ? ಸಾಕೆಟ್ ಸಡಿಲವಾಗಿ ಪಿನ್ನು ಸರಿಯಾಗಿ ಕಚ್ಚದಿದ್ದರೆ ಅಲ್ಲಿ ಅರ್ಧ ಓಮ್ ರೋಧ ಹುಟ್ಟಬಹುದು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ಜೇಮ್ಸ್ ಜೂಲ್ 1841ರಲ್ಲೇ ತೋರಿಸಿದ್ದ. 6.5ನ್ನು 6.5ರಿಂದ ಗುಣಿಸಿ, ಅರ್ಧ ಮಾಡಿ: 21 ವ್ಯಾಟ್. ರೇಡಿಯೊ ರಿಪೇರಿಯ ಬೆಸುಗೆ ಕಡ್ಡಿಯದು 25. ಅಷ್ಟು ಶಾಖ ಒಂದು ಪಿನ್ನಿನ ತುದಿಯಲ್ಲಿ! ನೀರು ಎಂದಿನಂತೆ ಕಾಯುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪ್ಲಗ್ ಬಿಸಿಯಾಗುತ್ತಿದ್ದರೆ ಸಾಕೆಟ್ ಬದಲಿಸಿ, ಟೇಪ್ ಸುತ್ತಬೇಡಿ.

ವೋಲ್ಟನ್ನು ಓಮ್‌ನಿಂದ ಭಾಗಿಸಿ ಆಂಪಿಯರ್ ಹೇಳುವ ಲೆಕ್ಕಕ್ಕೆ ಪಂಪ್‌ಸೆಟ್ಟಿನ ಮೋಟಾರು ಬಗ್ಗುವುದಿಲ್ಲ. ತಿರುಗುವ ಮೋಟಾರು ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಪ್ರವಾಹವನ್ನು ತಡೆದಿಟ್ಟಿರುತ್ತದೆ. ಹೀಗಾಗಿ ನಿಂತ ಮೋಟಾರಿನ ವೈಂಡಿಂಗಿನ ಓಮ್ ಅಳೆದು, ಓಡುವಾಗಿನ ಆಂಪಿಯರ್ ಹೇಳಲಾಗದು. ವೋಲ್ಟೇಜ್ ಇಳಿದರೆ ಹೀಟರ್ ಕಡಿಮೆ ಆಂಪಿಯರಿಗೆ ತೃಪ್ತಿಪಡುತ್ತದೆ. ಪಂಪಿಗೆ ಮಾತ್ರ ಅಷ್ಟೇ ನೀರೆತ್ತುವ ಹೊರೆ, ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ಪ್ರವಾಹ ಶೇಕಡಾ 20 ಏರಿದರೆ ವೈಂಡಿಂಗಿನ ಶಾಖ ಶೇಕಡಾ 44 ಏರುತ್ತದೆ. ಲೋ ವೋಲ್ಟೇಜಿಗೆ ಮೋಟಾರು ಸುಡುತ್ತದೆಂದು ರೈತರು ಹೇಳುವುದು ಇದನ್ನೇ. ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ವೋಲ್ಟ್ ಮೀಟರಿನ ಪಕ್ಕದಲ್ಲೇ ಆಂಪಿಯರ್ ಮೀಟರನ್ನೂ ಕೂರಿಸಿರುವುದು ಅದಕ್ಕೇ. ಒಂದರ ಮುಳ್ಳು ಇಳಿದು ಇನ್ನೊಂದರದು ಏರುತ್ತಿದ್ದರೆ, ಮೋಟಾರ್ ಆಫ್ ಮಾಡುವ ಹೊತ್ತಾಯಿತು.