ಸರಳ ತೆರಿಗೆ ರಿಟರ್ನ್‌ಗೆ ಯಾವ ತಂತ್ರಾಂಶ? ಮೊದಲು ಖರ್ಚಿಲ್ಲದ ದಾರಿ ನೋಡೋಣ



2024-25ನೇ ಹಣಕಾಸು ವರ್ಷದ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನವನ್ನು 2025ರಲ್ಲಿ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು.  ಈ ದಿನಗಳಲ್ಲಿ ಸಂಘದ ಕಚೇರಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು: "ಆನ್‌ಲೈನಿನಲ್ಲಿ ನಾವೇ ತುಂಬಬಹುದಾ? ಯಾವ ಆ್ಯಪ್ ಅಗ್ಗ?"

ಪಿಂಚಣಿ ಅಥವಾ ಸಂಬಳ, ಜೊತೆಗೆ ಬ್ಯಾಂಕ್ ಬಡ್ಡಿ ಇಷ್ಟೇ ಆದಾಯವಿರುವವರಿಗೆ ಆದಾಯ ತೆರಿಗೆ ಇಲಾಖೆಯ ಸ್ವಂತ ಜಾಲತಾಣವೇ ಸಾಕು. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಖಾಸಗಿ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾದ ಸಂದರ್ಭಗಳೂ ಇವೆ. ಎರಡನ್ನೂ ಕೆಳಗೆ ಬಿಡಿಸಿ ಬರೆದಿದ್ದೇವೆ.

ನಿಮ್ಮ ರಿಟರ್ನ್ ನಿಜಕ್ಕೂ ಸರಳವೇ?

ಸರಳ ರಿಟರ್ನಿನ ನಮೂನೆಗೆ ಐಟಿಆರ್-1 ಅಥವಾ 'ಸಹಜ್' ಎಂದು ಹೆಸರು. ಒಟ್ಟು ಆದಾಯ 50 ಲಕ್ಷದೊಳಗಿದ್ದು, ಸಂಬಳ ಅಥವಾ ಪಿಂಚಣಿ, ಒಂದು ಮನೆ, ಬಡ್ಡಿ, ಕುಟುಂಬ ಪಿಂಚಣಿ ಇವಿಷ್ಟೇ ಇರುವವರಿಗೆ ಅದು. ಷೇರು ಮತ್ತು ಈಕ್ವಿಟಿ ಮ್ಯೂಚುವಲ್ ಫಂಡಿನಿಂದ ಬಂದ ದೀರ್ಘಾವಧಿ ಲಾಭ 1.25 ಲಕ್ಷದೊಳಗಿದ್ದರೆ ಅದನ್ನೂ 2024-25ರ ಆದಾಯದ ರಿಟರ್ನಿನಿಂದ ಇದರಲ್ಲೇ ತೋರಿಸಬಹುದು.

ನಮ್ಮವರಲ್ಲಿ ಬಹಳ ಮಂದಿ ಗಮನಿಸದ ಷರತ್ತು ಇನ್ನೊಂದಿದೆ. ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ನಡೆಯದು, ಐಟಿಆರ್-2 ತುಂಬಬೇಕು. ಕಾಸರಗೋಡಿನಲ್ಲಿ ಅಡಿಕೆ ತೋಟವಿರುವ ನಿವೃತ್ತ ಮೇಷ್ಟ್ರು, ಜತ್ತದಲ್ಲಿ ದಾಳಿಂಬೆ ಬೆಳೆಯುವ ಪಿಂಚಣಿದಾರರು, ಆದವಾನಿಯಲ್ಲಿ ಹತ್ತಿ ಹೊಲವಿರುವ ಗುಮಾಸ್ತರು ಇವರೆಲ್ಲ ಈ ಸಾಲಿಗೆ ಬರುತ್ತಾರೆ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲ, ಆದರೆ ಉಳಿದ ಆದಾಯದ ತೆರಿಗೆ ದರ ಕಟ್ಟುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಯಾವುದೋ ಆ್ಯಪಿನ ಉಚಿತ ಯೋಜನೆಯಲ್ಲಿ ಐಟಿಆರ್-1 ಮಾತ್ರ ಸಿಗುತ್ತದೆ ಎಂಬ ಕಾರಣಕ್ಕೆ ತೋಟದ ಆದಾಯವನ್ನು ಬಿಟ್ಟುಬಿಡಬೇಡಿ. ಇಲಾಖೆಯ ಜಾಲತಾಣದಲ್ಲಿ ಐಟಿಆರ್-2 ಕೂಡ ಉಚಿತವೇ.

ಇಲಾಖೆಯ ಜಾಲತಾಣದಲ್ಲಿ ತುಂಬುವ ಕ್ರಮ

ವಿಳಾಸ: ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್. ಕೊನೆಯಲ್ಲಿ 'ಗವ್ ಡಾಟ್ ಇನ್' ಇರುವುದನ್ನು ನೋಡಿಕೊಂಡೇ ಮುಂದುವರಿಯಿರಿ. ಪಾನ್ ಸಂಖ್ಯೆಯೇ ಲಾಗಿನ್ ಹೆಸರು. ಸಂಬಳ, ಬಡ್ಡಿ, ಕಡಿತವಾದ ಟಿಡಿಎಸ್ ಮೊದಲಾದವು ಬಹುಪಾಲು ಮೊದಲೇ ತುಂಬಿರುತ್ತವೆ. ಅವನ್ನು ಮೂರು ಕಾಗದಗಳೊಂದಿಗೆ ತಾಳೆ ನೋಡಬೇಕು: ಸಂಬಳ ಅಥವಾ ಪಿಂಚಣಿ ಕೊಡುವವರಿಂದ ಬಂದ ಫಾರ್ಮ್ 16, ಜಾಲತಾಣದಲ್ಲೇ ಸಿಗುವ 26ಎಎಸ್, ಮತ್ತು ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ. ಪತ್ತಿನ ಸಹಕಾರ ಸಂಘದ ಬಡ್ಡಿಯಂಥ ಸಣ್ಣ ಮೊತ್ತ ಪಟ್ಟಿಯಲ್ಲಿ ಕಾಣದಿರಬಹುದು. ಕಾಣದಿದ್ದರೂ ಅದು ನಿಮ್ಮ ಆದಾಯವೇ, ಪಾಸ್‌ಬುಕ್ ನೋಡಿ ಸೇರಿಸಿ.

ಹಣ ಉಳಿಯುವುದೂ ಹೋಗುವುದೂ ಹಳೆ ಪದ್ಧತಿಯೋ ಹೊಸ ಪದ್ಧತಿಯೋ ಎಂಬ ಆಯ್ಕೆಯಲ್ಲಿ. ನೀವು ಏನೂ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯ. 2024-25ರ ಆದಾಯದ ಒಂದು ಲೆಕ್ಕ ನೋಡೋಣ. 65 ವರ್ಷದವರೊಬ್ಬರಿಗೆ ವರ್ಷದ ಪಿಂಚಣಿ 6,60,000, ಠೇವಣಿ ಬಡ್ಡಿ 60,000, ಒಟ್ಟು 7,20,000 ರೂಪಾಯಿ. ಹೊಸ ಪದ್ಧತಿಯಲ್ಲಿ 75,000 ಪ್ರಮಾಣಿತ ಕಡಿತ ಕಳೆದರೆ 6,45,000. ಇದು 7 ಲಕ್ಷದೊಳಗಿರುವುದರಿಂದ ತೆರಿಗೆ ಸೊನ್ನೆ. ಹಳೆ ಪದ್ಧತಿಯಲ್ಲಿ 50,000 ಪ್ರಮಾಣಿತ ಕಡಿತ, ಹಿರಿಯರ ಬಡ್ಡಿಗೆ 50,000 ವಿನಾಯಿತಿ ಕಳೆದು 6,20,000 ಉಳಿಯುತ್ತದೆ. ಬೇರೆ ಉಳಿತಾಯ ತೋರಿಸಲು ಇಲ್ಲದಿದ್ದರೆ ಸೆಸ್ ಸೇರಿ 35,360 ರೂಪಾಯಿ ತೆರಿಗೆ. ವಿಮೆ, ಪಿಪಿಎಫ್, ಗೃಹಸಾಲ ಹೆಚ್ಚಿರುವವರಿಗೆ ಹಳೆಯದೇ ಲಾಭವಾಗಬಹುದು. ಎರಡನ್ನೂ ಹಾಕಿ ನೋಡಿಯೇ ಆರಿಸಿ.

"12 ಲಕ್ಷದವರೆಗೆ ತೆರಿಗೆ ಇಲ್ಲವಂತಲ್ಲ?" ಎಂದು ಹಲವರು ಕೇಳುತ್ತಿದ್ದಾರೆ. ಆ ರಿಯಾಯಿತಿ 2025-26ರ ಆದಾಯದಿಂದ. 2024-25ರ ಆದಾಯಕ್ಕೆ 7 ಲಕ್ಷದ ಮಿತಿಯೇ ಇತ್ತು.

ಖಾಸಗಿ ತಂತ್ರಾಂಶ ಯಾವಾಗ ಬೇಕು?

ವರ್ಷವಿಡೀ ಷೇರು ಕೊಂಡು ಮಾರಿದವರು, ಆಸ್ತಿ ಮಾರಿದವರು, ಎರಡು ಮೂರು ಕಡೆ ಕೆಲಸ ಬದಲಿಸಿದವರು, ಲೆಕ್ಕ ಹಾಕಲು ಪುರುಸೊತ್ತಿಲ್ಲದವರು ಕ್ಲಿಯರ್‌ಟ್ಯಾಕ್ಸ್, ಕ್ವಿಕೋ, ಟ್ಯಾಕ್ಸ್‌ಟುವಿನ್ ಮುಂತಾದ ಸೇವೆಗಳನ್ನು ನೋಡಬಹುದು. ಇಂಥದ್ದೇ ಒಳ್ಳೆಯದೆಂದು ಸಂಘ ಶಿಫಾರಸು ಮಾಡುವುದಿಲ್ಲ. ಆರಿಸುವ ಮುನ್ನ ಈ ಐದು ಪ್ರಶ್ನೆ ಕೇಳಿಕೊಳ್ಳಿ:

1. ಕೊನೆಯ ಪುಟದಲ್ಲಿ ಬರುವ ಮೊತ್ತವೆಷ್ಟು? ಜಾಹೀರಾತಿನ ದರದ ಮೇಲೆ ಶೇಕಡಾ 18 ಜಿಎಸ್‌ಟಿ ಸೇರುತ್ತದೆಯೇ ನೋಡಿ. 'ಉಚಿತ' ಎಂಬುದು ಯಾವ ಆದಾಯದವರಿಗೆ ಎಂಬುದನ್ನೂ ಓದಿ.
2. ನಿಮಗೆ ಬೇಕಾದ ನಮೂನೆ ಆ ಯೋಜನೆಯಲ್ಲಿ ಇದೆಯೇ?
3. ಅವರು ಇಲಾಖೆಯಲ್ಲಿ ಇ-ರಿಟರ್ನ್ ಮಧ್ಯವರ್ತಿ, ಅಂದರೆ ಇಆರ್‌ಐ, ಎಂದು ನೋಂದಾಯಿಸಿಕೊಂಡಿದ್ದಾರೆಯೇ?
4. ಕೊಟ್ಟ ಹಣಕ್ಕೆ ಬರೀ ತಂತ್ರಾಂಶವೇ, ಅಥವಾ ಲೆಕ್ಕ ನೋಡುವ ಮನುಷ್ಯರೂ ಸಿಗುತ್ತಾರೆಯೇ? ಮುಂದೆ ಇಲಾಖೆಯಿಂದ ನೋಟಿಸ್ ಬಂದರೆ ಯಾರು ಉತ್ತರಿಸುತ್ತಾರೆ? ಯಾವ ಭಾಷೆಯಲ್ಲಿ ಮಾತಾಡುತ್ತಾರೆ?
5. ಸಲ್ಲಿಸುವ ಮುಂಚೆ ಪೂರ್ತಿ ರಿಟರ್ನನ್ನು ನೀವು ಓದಿ, ಪ್ರತಿ ಇಟ್ಟುಕೊಳ್ಳಬಹುದೇ?

'ಹೆಚ್ಚು ರಿಫಂಡ್' ಮಾತಿಗೆ ಕಿವಿಗೊಡಬೇಡಿ

"ಕಡಿತವಾದ ತೆರಿಗೆ ಪೂರ್ತಿ ವಾಪಸ್ ಬರಿಸುತ್ತೇವೆ, ಬಂದದ್ದರಲ್ಲಿ ಇಷ್ಟು ಪಾಲು ನಮಗೆ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರು ಮಾಡುವುದು ಇಲ್ಲದ ಬಾಡಿಗೆ, ಕೊಡದ ದೇಣಿಗೆ, ಮಾಡದ ವೈದ್ಯಕೀಯ ಖರ್ಚು ತೋರಿಸುವುದು. 2025ರ ಜುಲೈ 14ರಂದು ಇಂಥ ಸುಳ್ಳು ವಿನಾಯಿತಿಗಳ ಪತ್ತೆಗಾಗಿ ಇಲಾಖೆ ದೇಶದ 150 ಸ್ಥಳಗಳಲ್ಲಿ ಪರಿಶೀಲನೆ ಆರಂಭಿಸಿತು. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ದಂಡ ತಪ್ಪಿಸಿದ ತೆರಿಗೆಯ ಎರಡು ಪಟ್ಟು. ಮಧ್ಯವರ್ತಿ ಪಾಲು ತೆಗೆದುಕೊಂಡು ಹೋಗುತ್ತಾನೆ, ನೋಟಿಸು ಬರುವುದು ಪಾನ್ ಯಾರದ್ದೋ ಅವರ ಮನೆಗೆ.

ಗಡಿ ಊರಿನವರು ಮೊದಲೇ ನೋಡಿಕೊಳ್ಳಬೇಕಾದದ್ದು

ತಲಪಾಡಿ ದಾಟಿ ಮಂಗಳೂರಿಗೆ, ಅತ್ತಿಬೆಲೆ ದಾಟಿ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವವರಿಗೆ ಒಂದು ಸಮಾಧಾನ. ಆದಾಯ ತೆರಿಗೆ ಕೇಂದ್ರ ಸರ್ಕಾರದ್ದು. ಮನೆ ಒಂದು ರಾಜ್ಯದಲ್ಲಿ, ಸಂಬಳ ಇನ್ನೊಂದು ರಾಜ್ಯದಲ್ಲಿ ಇದ್ದರೂ ರಿಟರ್ನ್ ಒಂದೇ. ಸಂಬಳದಿಂದ ಹಿಡಿದ ವೃತ್ತಿ ತೆರಿಗೆಗೆ ವಿನಾಯಿತಿ ಮಾತ್ರ ಹಳೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ.

ತೊಡಕು ಬರುವುದು ಹೆಸರಿನಲ್ಲಿ. ಒಂದು ದಾಖಲೆಯಲ್ಲಿ ಇನಿಶಿಯಲ್ಲು, ಇನ್ನೊಂದರಲ್ಲಿ ಮನೆತನದ ಹೆಸರು. ಸೊಲ್ಲಾಪುರದ ಕಡೆ ನಡುವೆ ತಂದೆಯ ಹೆಸರು. ಪಾನ್ ಮತ್ತು ಆಧಾರಿನಲ್ಲಿ ಹೆಸರು, ಜನ್ಮದಿನಾಂಕ ಹೊಂದದಿದ್ದರೆ ಜೋಡಣೆ ಆಗುವುದಿಲ್ಲ. ಜೋಡಣೆ ಕಡ್ಡಾಯವಿರುವವರ ಪಾನ್ ನಿಷ್ಕ್ರಿಯವಾಗಿದ್ದರೆ ರಿಫಂಡ್ ಬರುವುದಿಲ್ಲ. ಎಷ್ಟೇ ದುಬಾರಿ ತಂತ್ರಾಂಶ ತಂದರೂ ಇದು ಸರಿಯಾಗದು, ಆಧಾರ್ ಕೇಂದ್ರಕ್ಕೋ ಪಾನ್ ಕೇಂದ್ರಕ್ಕೋ ಹೋಗಿಯೇ ಸರಿಪಡಿಸಬೇಕು. ಆಧಾರಿಗೆ ಕೊಟ್ಟ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಕೈಯಲ್ಲಿದೆಯೇ ಎಂಬುದನ್ನೂ ನೋಡಿ.

ಇನ್ನೊಂದು, ಬ್ಯಾಂಕ್ ಖಾತೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಆ ಖಾತೆ ಇದ್ದವರು ಜಾಲತಾಣದಲ್ಲಿ ಹೊಸ ಐಎಫ್‌ಎಸ್‌ಸಿ ಸಂಕೇತ ಹಾಕಿ ಖಾತೆಯನ್ನು ದೃಢೀಕರಿಸಿಕೊಳ್ಳಬೇಕು. ರಿಫಂಡ್ ದೃಢೀಕರಿಸಿದ ಖಾತೆಗೇ ಜಮೆಯಾಗುವುದು.

ಕೊನೆಯ ಹೆಜ್ಜೆ ಮರೆಯಬೇಡಿ

ಸಲ್ಲಿಸಿದ 30 ದಿನಗಳೊಳಗೆ ಇ-ವೆರಿಫೈ ಮಾಡದ ರಿಟರ್ನ್ ಪೂರ್ಣವಾಗುವುದಿಲ್ಲ. ಆಧಾರ್ ಒಟಿಪಿ ಅಥವಾ ನೆಟ್‌ಬ್ಯಾಂಕಿಂಗ್ ಮೂಲಕ ಎರಡು ನಿಮಿಷದ ಕೆಲಸ. ಒಟಿಪಿ ಬಾರದವರು ಐಟಿಆರ್-ವಿ ಎಂಬ ಒಂದು ಪುಟವನ್ನು ಮುದ್ರಿಸಿ, ಸಹಿ ಹಾಕಿ, ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ (ಪಿನ್ 560500) ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು. ಅದೂ 30 ದಿನದೊಳಗೆ ಅಲ್ಲಿ ಮುಟ್ಟಬೇಕು.

ಗಡುವು ತಪ್ಪಿದರೆ ಡಿಸೆಂಬರ್ 31ರವರೆಗೆ ಸಲ್ಲಿಸಬಹುದು, ಆದರೆ ತೆರಿಗೆಗೆ ಒಳಪಡುವ ಆದಾಯ 5 ಲಕ್ಷದೊಳಗಿದ್ದವರಿಗೆ 1,000, ಮೀರಿದವರಿಗೆ 5,000 ರೂಪಾಯಿ ತಡ ಶುಲ್ಕ ಬೀಳುತ್ತದೆ. ಆಮೇಲೆ ಹಳೆ ಪದ್ಧತಿ ಆರಿಸಲೂ ಆಗದು.

ಪ್ರತಿ ಶನಿವಾರ ಸಂಜೆ ಸಂಘದ ಕಚೇರಿಯಲ್ಲಿ ನಾವು ಒಬ್ಬಿಬ್ಬರು ಕುಳಿತಿರುತ್ತೇವೆ. ಫಾರ್ಮ್ 16, ಪಾಸ್‌ಬುಕ್, ಆಧಾರಿಗೆ ಜೋಡಿಸಿದ ಮೊಬೈಲ್ ತನ್ನಿ, ಪಕ್ಕದಲ್ಲಿ ಕೂತು ತೋರಿಸಿಕೊಡುತ್ತೇವೆ. ಗುಪ್ತಪದವನ್ನೂ ಒಟಿಪಿಯನ್ನೂ ನೀವೇ ಒತ್ತಬೇಕು, ನಮಗೂ ಹೇಳಬೇಡಿ.