ಪೇಟಿ ಮಾಸ್ತರರ ತಾಲೀಮು

ಈ ಶಾಲೆ ತೆರೆಯುವುದು ರಾತ್ರಿ ಊಟವಾದ ಮೇಲೆ. ತುಬಚಿಯ ಸುತ್ತಿನ ಕೃಷ್ಣಾತೀರದ ಹಳ್ಳಿಗಳಲ್ಲಿ, ಆಚೆ ಮುಧೋಳ, ಬೀಳಗಿ, ಬನಹಟ್ಟಿಯ ಕಡೆಯಲ್ಲೂ, ಜಾತ್ರೆ ಹತ್ತಿರ ಬಂತೆಂದರೆ ಗುಡಿಯ ಮುಂದೆ ಜಮಖಾನೆ ಹಾಸುತ್ತಾರೆ. ಅದರ ಒಂದು ತುದಿಗೆ ಕಾಲಪೇಟಿ ಎಂಬ ಹಾರ್ಮೋನಿಯಂ, ಪೇಟಿಯ ಹಿಂದೆ ನಾಟಕ ಕಲಿಸುವ ಮಾಸ್ತರರು. ಕಬ್ಬಿಗೆ ನೀರು ಹಾಯಿಸಿದವರು, ಮಗ್ಗ ನಿಲ್ಲಿಸಿದವರು, ಟ್ರ್ಯಾಕ್ಟರ್ ಡ್ರೈವರ್, ಕಿರಾಣಿ ಅಂಗಡಿಯವ ಒಬ್ಬೊಬ್ಬರೇ ಬಂದು ಕೂಡುತ್ತಾರೆ. ರಾತ್ರಿಪಾಳಿಗೆ ತ್ರೀಫೇಸ್ ಕರೆಂಟು ಬಂದರೆ ಮಾತ್ರ ಕಥಾನಾಯಕನೇ ಗೈರುಹಾಜರು; ಅವನು ಪಂಪು ಚಾಲೂ ಮಾಡಲು ಹೊಲಕ್ಕೆ ಹೋಗಿರುತ್ತಾನೆ.

ಮೊದಲ ದಿನ ಪಾರ್ಟು ಹಂಚುವುದು. ಮಾಸ್ತರರು ಯಾರನ್ನೂ ಏನೂ ಓದಿಸುವುದಿಲ್ಲ. ಚಹಾ ಕುಡಿಯುತ್ತ, ಅಡಿಕೆ ಕತ್ತರಿಸುತ್ತ, ಹುಡುಗರ ಹರಟೆಗೆ ಸುಮ್ಮನೆ ಕಿವಿಗೊಟ್ಟಿರುತ್ತಾರೆ. ಯಾರ ಗಂಟಲು ಹೇಗಿದೆ, ಯಾರು ನಗಿಸುತ್ತಾರೆ, ಯಾರಿಗೆ ಸಿಟ್ಟು ಬೇಗ ಬರುತ್ತದೆ, ಎಲ್ಲ ಅಷ್ಟರಲ್ಲೇ ತಿಳಿದುಬಿಡುತ್ತದೆ. ಮೂಲೆಯಲ್ಲಿ ಮುದುಡಿ ಕೂತ ಡ್ರೈವರನಿಗೆ ಸಾಹುಕಾರನ ಪಾರ್ಟು ಬರುತ್ತದೆ.

“ಮಾಸ್ತರ್ರ, ನನಗ ಓದಾಕ ಬರೂದಿಲ್ರಿ.”

“ಕೇಳಾಕ ಬರತೈತಿಲ್ಲೋ ತಮ್ಮಾ? ಸಾಕು.”

ಅಲ್ಲಿಂದ ಪಾಠವೆಲ್ಲ ಕಿವಿಯ ಮೇಲೆಯೇ. ಒಂದು ಸಾಲು ಇವರು ಅನ್ನುತ್ತಾರೆ, ಅವನು ಅನ್ನುತ್ತಾನೆ. “ದರ್ಮ” ಎಂದವನನ್ನು “ಧರ್ಮ” ಎನ್ನಿಸಲು ಅರ್ಧ ರಾತ್ರಿ ಹೋದರೂ ಅವಸರವಿಲ್ಲ. ಧ್ವನಿ ತಗ್ಗಿದರೆ ಪೇಟಿಯ ಒಂದು ಮನೆ ಒತ್ತಿ, “ಇಲ್ಲಿಂದ ಏಳು” ಅನ್ನುತ್ತಾರೆ. ಬಾಡಿಗೆಗೆ ಬರುವ ನಾಯಕಿ ಪ್ರಯೋಗದ ಹೊತ್ತಿಗಷ್ಟೇ ಬರುವುದರಿಂದ, ತಾಲೀಮಿನಲ್ಲಿ ಅವಳ ಮಾತುಗಳೂ ಮಾಸ್ತರರವೇ. ಮೀಸೆ ಹೊತ್ತ ಆ ಮುಖ ಅಳುತ್ತ “ನನ್ನ ಕೈ ಬಿಡಬ್ಯಾಡ್ರಿ” ಅನ್ನುವಾಗ ಕಟ್ಟೆಯ ಮೇಲಿನ ಹುಡುಗರೂ ನಗುವುದಿಲ್ಲ.

ಈ ನೆಲಕ್ಕೆ ಇಂಥ ಗುರುಗಳು ಹೊಸಬರಲ್ಲ. ಮುಧೋಳ ತಾಲ್ಲೂಕಿನ ಲೋಕಾಪುರ ಕೃಷ್ಣ ಪಾರಿಜಾತ ಎಂಬ ಬಯಲಾಟದ ಊರು. ಆ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮ ಇಬ್ಬರೂ ನೆರೆಯ ಗೋಕಾಕ ಸೀಮೆಯವರು. ಪಾರಿಜಾತದ ಭಾಗವತ ರಂಗದ ಮೇಲೆಯೇ ನಿಂತು ಪಾತ್ರಗಳನ್ನು ಮಾತಿಗೆಳೆಯುತ್ತಾನೆ. ಕೇಳುತ್ತ ಕೇಳುತ್ತಲೇ ಆಟ ನಡೆಸುತ್ತಾನೆ. ಪೇಟಿ ಮಾಸ್ತರರಲ್ಲಿ ಅವನ ರಕ್ತ ಇದೆ ಅಂತ ನನಗೆ ಅನಿಸುತ್ತದೆ. ಮುಂದೆ ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’, ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ ಕಂಪನಿಗಳಿಂದಿಳಿದು ಹಳ್ಳಿಯ ಕಟ್ಟೆಗೆ ಬಂದವು. ಎರಡನೆಯದು 1974ರಲ್ಲಿ ರಾಜಕುಮಾರ್ ಸಿನಿಮಾ ಆದಮೇಲೂ ಹಳ್ಳಿಗಳಲ್ಲಿ ಅದರ ನಾಟಕ ನಿಲ್ಲಲಿಲ್ಲ.

ಸಾಲಿ ಮಾಸ್ತರಿಗೆ ಇಲ್ಲದ ಒಂದು ಪೇಚು ಇವರಿಗಿದೆ. ಹಿಂದಿನ ಬೆಂಚಿನವನನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಎರಡೇ ಮಾತಿನ ಪೊಲೀಸ್ ಪೇದೆ ಬಾಗಿಲಲ್ಲಿ ತಡವರಿಸಿದರೂ ಸಾಹುಕಾರನ ಗಂಭೀರ ಭಾಷಣ ನೀರುಪಾಲು. ಹಾಗಾಗಿ ಚುರುಕಿನವರನ್ನು ಹೊಗಳಲು ಮಾಸ್ತರರಿಗೆ ಪುರಸತ್ತಿಲ್ಲ, ಅವರ ಹೊತ್ತೆಲ್ಲ ಆ ಪೇದೆಗೇ ಖರ್ಚು. ಬಿ.ಇಡಿ. ಕಾಲೇಜುಗಳಲ್ಲಿ ಈ ಲೆಕ್ಕ ಹೇಳಿಕೊಡುತ್ತಾರೋ ಇಲ್ಲವೋ!

ಸಂಭಾವನೆ ಮೊದಲೇ ಮಾತಾಗಿರುತ್ತದೆ. ಊಟ ಪಾಳಿಯ ಮೇಲೆ, ಒಂದೊಂದು ದಿನ ಒಂದೊಂದು ಪಾತ್ರಧಾರಿಯ ಮನೆ. ಅಲ್ಲೂ ಪಾಠವೇ: ರೊಟ್ಟಿ ಬಡಿಯುವ ತಾಯಿಯ ಮುಂದೆ ಮಗ ಸಾಹುಕಾರನಾಗಿ ಗುಡುಗಬೇಕು. “ಅವ್ವ ಹೆದರಿದಳಂದ್ರ ಊರೂ ಹೆದರತೈತಿ.” ಅವ್ವ ಹೆದರುವುದಿಲ್ಲ, ಇನ್ನೊಂದು ರೊಟ್ಟಿ ಹಾಕುತ್ತಾಳೆ.

ನಾಟಕದ ರಾತ್ರಿ ಮಾಸ್ತರರು ರಂಗದ ಮುಂದೆ, ಜನಕ್ಕೆ ಬೆನ್ನು ಕೊಟ್ಟು ಕೂತಿರುತ್ತಾರೆ. ಡ್ರೈವರ್ ಸಾಹುಕಾರ ಚಾಟಿ ಝಳಪಿಸುತ್ತ ಬಂದು, ಮೂರನೆಯ ಮಾತಿಗೆ ಮರೆತು ನಿಲ್ಲುತ್ತಾನೆ. ಪೇಟಿ ಒಂದು ಸ್ವರ ಎಳೆಯುತ್ತದೆ. ಜನಕ್ಕೆ ಅದು ಸಂಗೀತ, ಅವನಿಗೆ ಮಾತಿನ ಜಾಗ. ಮಾತು ಬರುತ್ತದೆ, ಸೀಟಿ ಬೀಳುತ್ತದೆ. ಅಭಿಮಾನಿಯೊಬ್ಬ ಐವತ್ತರ ನೋಟು ತಂದು ಸಾಹುಕಾರನ ಎದೆಗೆ ಚುಚ್ಚುತ್ತಾನೆ. ಮಾಸ್ತರರಿಗೆ ಆಯಾರು ಮಂಗಳಾರತಿ ಆದಮೇಲೆ, ಅದೂ ನೆನಪಾದರೆ.

ಬೆಳಿಗ್ಗೆ ಪಕ್ಕದೂರಿನವರು ಬೈಕು ತಂದು ಕಾಯುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ಪೇಟಿಗೆ ಜಾಗ ಸಾಲದೆಂದು, ಅದನ್ನು ತಲುಪಿಸುವ ಹೊಣೆ ಡ್ರೈವರನೇ ಹೊತ್ತುಕೊಂಡಿದ್ದಾನೆ. ಬಣ್ಣ ಇನ್ನೂ ಪೂರ್ತಿ ಹೋಗದ ಮುಖದಲ್ಲಿ ಟ್ರ್ಯಾಕ್ಟರ್ ಚಾಲೂ ಮಾಡುತ್ತ, ಆ ಊರಲ್ಲಿ ಸಾಹುಕಾರನ ಪಾರ್ಟು ಯಾರಿಗೆ ಕೊಡುತ್ತೀರಿ ಎಂದು ಕೇಳುತ್ತಿದ್ದಾನೆ.