ಘತ್ತರಗಿ ಪರಿಸರದಲ್ಲಿ ವಾರ್ಷಿಕ ಹೂಗಿಡಗಳ ವರ್ಷಪೂರ್ತಿ ಪಾಲನೆ

ಅಫಜಲಪುರ ತಾಲೂಕಿನ ಭೀಮಾ ತೀರದ ಘತ್ತರಗಿಯು ಶ್ರೀ ಭಾಗ್ಯವಂತಿ ದೇವಿಯ ಕ್ಷೇತ್ರವಾಗಿರುವುದರಿಂದ ಇಲ್ಲಿ ಹೂವಿನ ಬೇಡಿಕೆ ವರ್ಷವಿಡೀ ಇರುತ್ತದೆ. ಪಂಚಾಯತಿ ಕಾರ್ಯಾಲಯ, ಶಾಲೆ ಹಾಗೂ ಅಂಗನವಾಡಿಗಳ ಅಂಗಳದಲ್ಲಿಯೂ ಹೂಗಿಡ ಬೆಳೆಸುವ ರೂಢಿಯುಂಟು. ಆದರೆ ಶ್ರಾವಣದಲ್ಲಿ ನೆಟ್ಟ ಗಿಡ ಸಂಕ್ರಾಂತಿಯವರೆಗೆ ನಳನಳಿಸಿ ಯುಗಾದಿಯ ವೇಳೆಗೆ ಒಣಗಿ ನಿಲ್ಲುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ಇದನ್ನು ನೀರುಣಿಸುವವರ ನಿರ್ಲಕ್ಷ್ಯವೆಂದಷ್ಟೇ ಭಾವಿಸಲಾಗದು.

ವಾರ್ಷಿಕ ಗಿಡವು ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಒಂದೇ ಹಂಗಾಮಿನಲ್ಲಿ ಆಯುಷ್ಯ ಮುಗಿಸುತ್ತದೆ. ಆದ್ದರಿಂದ ವರ್ಷಪೂರ್ತಿ ಹೂವು ಬೇಕಾದಲ್ಲಿ ಗಿಡವನ್ನು ಉಳಿಸಿಕೊಳ್ಳುವುದಕ್ಕಿಂತ ಸಕಾಲದಲ್ಲಿ ಮುಂದಿನ ಸಸಿ ಸಿದ್ಧಪಡಿಸುವುದು ಮುಖ್ಯ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವು ಹೂದೋಟವನ್ನು ಮುಗಿಸುತ್ತದೆ. ಅಲ್ಲಿ ವಸಂತದಲ್ಲಿ ಬಿತ್ತನೆ ಆರಂಭ. ಕಲಬುರಗಿ ಜಿಲ್ಲೆಯಲ್ಲಿ ಆ ಕೆಲಸವನ್ನು ಮಾಡುವುದು 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳ ಬಿಸಿಲು. ಪೆಟೂನಿಯಾ, ಫ್ಲಾಕ್ಸ್, ಪ್ಯಾನ್ಸಿಯಂತಹ ತಂಪು ಸೀಮೆಯ ಹೂಗಳಿಗೆ ಇಲ್ಲಿ ದೊರೆಯುವ ಕಾಲ ಅಕ್ಟೋಬರದಿಂದ ಫೆಬ್ರುವರಿಯವರೆಗೆ ಮಾತ್ರ. ಬೀಜದ ಪೊಟ್ಟಣದ ಮೇಲಿನ ಚಿತ್ರಕ್ಕೆ ಮರುಳಾಗಿ ಅವುಗಳನ್ನು ಮಾರ್ಚಿನಲ್ಲಿ ಬಿತ್ತಿದರೆ ಖರ್ಚು ವ್ಯರ್ಥ.

ಚೆಂಡು ಹೂವು ಈ ಸೀಮೆಗೆ ಹೆಚ್ಚು ಒಗ್ಗುವ ಬೆಳೆ. ಸಸಿಮಡಿಯಲ್ಲಿ 25ರಿಂದ 30 ದಿನ, ನಾಟಿಯ ತರುವಾಯ ಸುಮಾರು ಎರಡು ತಿಂಗಳು, ಹೀಗೆ ಹಬ್ಬದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ ಬಿತ್ತನೆಯ ದಿನ ಗೊತ್ತುಪಡಿಸಬೇಕು. ಮಹಾನವಮಿಗೆ ಹೂವು ಬೇಕಾದರೆ ಜುಲೈ ಮೊದಲ ವಾರ ದಾಟಬಾರದು. ಒಂದೇ ದಿನ ಎಲ್ಲ ಬೀಜ ಬಿತ್ತದೆ ಮೂರು ವಾರಗಳ ಅಂತರದಲ್ಲಿ ಮಡಿ ಹಾಕಿದರೆ ಹೂವು ಒಮ್ಮೆಲೇ ಬಂದು ಬೆಲೆ ಕುಸಿಯುವುದು ತಪ್ಪುತ್ತದೆ. ನಾಟಿಯ ತರುವಾಯ ನಾಲ್ಕನೆಯ ವಾರದ ಹೊತ್ತಿಗೆ ಕುಡಿ ಚಿವುಟಿದರೆ ಪಕ್ಕದ ಕವಲುಗಳು ಹೆಚ್ಚುತ್ತವೆ. ಎರೆಭೂಮಿಯಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಬೋದಿನ ಮೇಲೆಯೇ ನಾಟಿ ಮಾಡತಕ್ಕದ್ದು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಚೆಂಡು ಹೂವಿನಲ್ಲಿ ಅರ್ಕಾ ಅಗ್ನಿ, ಆಸ್ಟರಿನಲ್ಲಿ ಕಾಮಿನಿ, ಪೂರ್ಣಿಮಾ, ಶಶಾಂಕ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಸಂಕರಣ ತಳಿಯ ಗಿಡದಿಂದ ಆಯ್ದ ಬೀಜವು ತಾಯಿಗಿಡದ ಗುಣವನ್ನು ಒಂದೇ ಸಮನಾಗಿ ಕೊಡದು. ಆದುದರಿಂದ ಅದನ್ನು ಮರುವರ್ಷಕ್ಕೆ ಕಾಯ್ದಿರಿಸಬಾರದು.

ಸೇವಂತಿಗೆಯ ಸ್ವಭಾವ ಬೇರೆ. ಹಗಲು ಗಿಡ್ಡವಾದಂತೆ ಅದು ಮೊಗ್ಗು ಕಟ್ಟುವುದರಿಂದ ಚಳಿಗಾಲವೇ ಅದರ ಸುಗ್ಗಿ.

ಬೇಸಿಗೆಯದು ಕಠಿಣ ಪ್ರಶ್ನೆ. ಕುಡಿಯುವ ನೀರಿಗೇ ತತ್ವಾರವಿರುವಾಗ ಹೂದೋಟಕ್ಕೆ ನಳದ ನೀರು ಹರಿಸುವುದನ್ನು ಗ್ರಾಮಸ್ಥರು ಆಕ್ಷೇಪಿಸಿದರೆ ಅದು ನ್ಯಾಯವೇ. ಆ ಮೂರು ತಿಂಗಳು ಮಡಿಗಳ ವಿಸ್ತಾರವನ್ನು ಕುಗ್ಗಿಸಿ, ಬಿಸಿಲು ತಾಳುವ ಗಲಾಟೆ ಹೂವು ಹಾಗೂ ಜಿನ್ನಿಯಾಗಳಿಗಷ್ಟೇ ಸೀಮಿತಗೊಳಿಸಿ, ಸಾರ್ವಜನಿಕ ನಳದ ಕಟ್ಟೆಯಿಂದ ಹರಿದುಹೋಗುವ ನೀರನ್ನು ಕಾಲುವೆ ತೆಗೆದು ತಿರುಗಿಸುವುದು ಉಚಿತ. ತೊಗರಿ ಹೊಟ್ಟನ್ನು ಬುಡಕ್ಕೆ ಎರಡು ಮೂರು ಅಂಗುಲ ಹೊದಿಸಿದರೆ ತೇವ ಆರುವುದು ನಿಧಾನವಾಗುತ್ತದೆ. ನೀರನ್ನು ಸಂಜೆ ಅಥವಾ ಬೆಳಗಿನ ಜಾವ ಕೊಡಬೇಕು.

ದೇವಸ್ಥಾನದಲ್ಲಿ ಬಳಸಿದ ಹೂವನ್ನು ಹೊಳೆಗೆ ಬಿಡುವ ಪದ್ಧತಿಯನ್ನೂ ಸದಸ್ಯರು ಇದರ ಜೊತೆಗೇ ಪರಿಶೀಲಿಸಬೇಕು. ದಾರ, ಪ್ಲಾಸ್ಟಿಕ್ ಬೇರ್ಪಡಿಸಿ ಸಗಣಿಯೊಡನೆ ಗುಂಡಿಯಲ್ಲಿ ಕೊಳೆಯಿಸಿದ ಹೂವು ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಮಾರ್ಚಿನಲ್ಲಿ ತುಂಬಿದ ಗುಂಡಿಯ ಗೊಬ್ಬರವನ್ನು ಮಿರಗ ಮಳೆಯ ತರುವಾಯ ಹಾಕುವ ಸಸಿಮಡಿಗೆ ಬಳಸಬಹುದು. ಗುಂಡಿಯ ಜಾಗ ಹಾಗೂ ಅದರ ಉಸ್ತುವಾರಿ ಯಾರದೆಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ನಿರ್ಧರಿಸತಕ್ಕದ್ದು.